ಕೇಬಲ್ ಕಿತ್ತ ಮೇಲೂ ಫೈಲ್ ತೆರೆದೇ ಇರುತ್ತದೆ

ಮಂಡ್ಯ ಸೀಮೆಯ ಹಾಲಿನ ಡೇರಿಯೊಂದರ ಬೆಳಗಿನ ಆರೂವರೆ ಹೊತ್ತಿನ ಮೇಜನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದು ಕಡೆ ತೂಕದ ಯಂತ್ರ, ಪಕ್ಕದಲ್ಲಿ ಫ್ಯಾಟ್ ನೋಡುವ ಯಂತ್ರ, ಎರಡರ ಕೇಬಲ್ಲೂ ಒಂದೇ ಯುಎಸ್‌ಬಿ ಹಬ್‌ಗೆ. ಕ್ಯಾನ್ ಎತ್ತುವವರ ಮೊಣಕೈ ತಾಗಿ ಕೇಬಲ್ ಕಳಚಿಕೊಳ್ಳುತ್ತದೆ. ಇಲ್ಲವೇ ಕರೆಂಟು ಹೋಗಿ ಬರುತ್ತದೆ. ಇಲ್ಲವೇ ಕೂಲರಿನ ಕಂಪ್ರೆಸರ್ ಚಾಲೂ ಆಗುವಾಗ ವೋಲ್ಟೇಜ್ ಕುಸಿದು ಹಬ್ ಒಂದು ಗಳಿಗೆ ಸತ್ತು ಬದುಕುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್‌ಗೆ ಈ ಮೂರೂ ಒಂದೇ: ಡಿವೈಸ್ ಹೋಯಿತು. ಲಾಗಿನಲ್ಲಿ 'ಯುಎಸ್‌ಬಿ ಡಿಸ್ಕನೆಕ್ಟ್, ಡಿವೈಸ್ ನಂಬರ್ 7' ಅಂತ ಒಂದು ಸಾಲು ಬೀಳುತ್ತದೆ, ಹಬ್‌ನ ವರ್ಕ್‌ಕ್ಯೂ, ಅಂದರೆ ಕರ್ನಲ್ ಹಿನ್ನೆಲೆಯಲ್ಲಿ ಓಡಿಸುವ ಕೆಲಸಗಳ ಸಾಲು, ನಿಮ್ಮ ಡ್ರೈವರಿನ ಡಿಸ್ಕನೆಕ್ಟ್ ಫಂಕ್ಷನ್ನನ್ನು ಕರೆಯುತ್ತದೆ. ಆ ಹೊತ್ತಿಗೆ ಹಾಲಿನ ಲೆಕ್ಕ ಬರೆಯುವ ಪ್ರೋಗ್ರಾಂ ಅದೇ ಡಿವೈಸಿನ ಫೈಲನ್ನು ತೆರೆದಿಟ್ಟುಕೊಂಡೇ ಕೂತಿದೆ. ಅದರ ರೀಡ್ ಕರೆ ಡ್ರೈವರಿನೊಳಗೆ ನಿದ್ದೆಯಲ್ಲಿದೆ.

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಣ್ಣ ಎಲೆಕ್ಟ್ರಾನಿಕ್ಸ್ ಘಟಕಗಳಲ್ಲಿ ಸ್ವಂತ ಯಂತ್ರಕ್ಕೆ ಲಿನಕ್ಸ್ ಡ್ರೈವರ್ ಬರೆಯುವವರಿಗೂ, ಕೊನೆ ವರ್ಷದ ಪ್ರಾಜೆಕ್ಟಿಗೆ ಮೊದಲ ಸಲ ಕರ್ನಲ್‌ಗೆ ಕೈ ಹಾಕುವ ಮೈಸೂರು, ಮಂಡ್ಯದ ವಿದ್ಯಾರ್ಥಿಗಳಿಗೂ ಈ ಬರಹ. ಡಿವೈಸ್ ಸಿಕ್ಕಾಗ ಕರ್ನಲ್ ಕರೆಯುವ ಪ್ರೋಬ್ ಫಂಕ್ಷನ್ ಬರೆಯುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಡಿವೈಸ್ ಹೋದಾಗ ಏನು ಮಾಡಬೇಕು ಅನ್ನುವುದು ಮಾತ್ರ ಕೊನೆಯ ಅರ್ಧ ಪುಟಕ್ಕೆ ಬಿದ್ದುಬಿಡುತ್ತದೆ. ಡ್ರೈವರಿನ ಅತಿ ಕಷ್ಟದ ತಪ್ಪುಗಳು ಇರುವುದು ಅಲ್ಲೇ.

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳೋಣ. ಡಿವೈಸ್ ಹೋಗುವುದು ಒಂದು ಘಟನೆ. ಅದಕ್ಕಾಗಿ ನೀವು ಪಡೆದ ಮೆಮೊರಿ ಹೋಗುವುದು ಬೇರೆಯೇ ಘಟನೆ. ಮೊದಲನೆಯದು ಯಾವಾಗ ಅನ್ನುವುದು ಕೇಬಲ್ ಕಿತ್ತವರ ಕೈಯಲ್ಲಿದೆ, ಎರಡನೆಯದು ಯಾವಾಗ ಅನ್ನುವುದು ಕೊನೆಯದಾಗಿ ಫೈಲ್ ಮುಚ್ಚುವವರ ಕೈಯಲ್ಲಿದೆ. ಬಾಡಿಗೆದಾರ ಮನೆ ಖಾಲಿ ಮಾಡಿದ ಗಳಿಗೆಗೇ ಅಡ್ವಾನ್ಸಿನ ಲೆಕ್ಕ ಮುಗಿಯುವುದಿಲ್ಲವಲ್ಲ, ಹಾಗೆ. ಡಿಸ್ಕನೆಕ್ಟ್ ಫಂಕ್ಷನ್ನಿನ ಕೊನೆಯಲ್ಲಿ ಮೆಮೊರಿ ಹಿಂತಿರುಗಿಸುವ ಕೆಫ್ರೀಯನ್ನು ನೇರವಾಗಿ ಕರೆದ ಡ್ರೈವರ್ ಈ ಎರಡನ್ನೂ ಒಂದೇ ಅಂದುಕೊಂಡಿದೆ.

ಹಾಗೆ ಅಂದುಕೊಂಡರೆ ಆಗುವುದೇನು? ಡಿಸ್ಕನೆಕ್ಟ್ ಮುಗಿಯಿತು, ಡ್ರೈವರ್ ತನ್ನ ಮಾಹಿತಿ ಇಟ್ಟುಕೊಂಡ ಸ್ಟ್ರಕ್ಟ್ ಫ್ರೀ ಆಯಿತು. ಪ್ರೋಗ್ರಾಂ ಎರಡು ಸೆಕೆಂಡ್ ಬಿಟ್ಟು ಫೈಲ್ ಮುಚ್ಚಿತು. ರಿಲೀಸ್ ಫಂಕ್ಷನ್ ಫೈಲಿನ ಪ್ರೈವೇಟ್ ಡೇಟಾದಿಂದ ಹಳೆಯ ಪಾಯಿಂಟರ್ ತೆಗೆದು, ಅದರಲ್ಲಿರುವ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನೇ ಒಳಗೆ ಬಿಡುವ ಲಾಕ್) ಹಿಡಿಯಲು ಹೋಯಿತು. ಆ ಜಾಗ ಅಷ್ಟರಲ್ಲಿ ಬೇರೆ ಯಾರಿಗೋ ಹೋಗಿರಬಹುದು, ಹೋಗದೆಯೂ ಇರಬಹುದು. ಹೋಗಿರದಿದ್ದರೆ ಏನೂ ಆಗದಂತೆ ಕಾಣುತ್ತದೆ. ಇದೇ ಇದರ ಅಪಾಯ. ನಿಮ್ಮ ಮೇಜಿನ ಮೇಲೆ ನೂರು ಸಲ ಕಿತ್ತರೂ ಸರಿಯಾಗಿಯೇ ಇರುತ್ತದೆ, ಮೆಮೊರಿ ತುಂಬಿದ ಹಳ್ಳಿಯ ಕಂಪ್ಯೂಟರಿನಲ್ಲಿ ವಾರಕ್ಕೊಂದು ಸಲ ಬೀಳುತ್ತದೆ, ಅದೂ ನಿಮ್ಮ ಡ್ರೈವರಿಗೆ ಸಂಬಂಧವೇ ಇಲ್ಲದ ಕಡೆ. ಇದನ್ನು ಮೇಜಿನ ಮೇಲೇ ಬೀಳಿಸಬೇಕೆಂದರೆ ಕರ್ನಲ್ ಬೂಟ್ ಸಾಲಿನಲ್ಲಿ ಮೆಮೊರಿ ಹಂಚುವ ಭಾಗವಾದ ಸ್ಲಬ್‌ನ ಡಿಬಗ್‌ನಲ್ಲಿ ಪಾಯ್ಸನ್ ಆಯ್ಕೆ ಹಾಕಿ. ಆಗ ಫ್ರೀ ಆದ ಮೆಮೊರಿಯನ್ನೆಲ್ಲ ಕರ್ನಲ್ 6ಬಿ ಅನ್ನುವ ಬೈಟಿನಿಂದ ತುಂಬುತ್ತದೆ, ಕೊನೆಯ ಬೈಟಿಗೆ ಎ5 ಹಾಕುತ್ತದೆ. ಊಪ್ಸ್, ಅಂದರೆ ಕರ್ನಲ್ ಎಡವಿದಾಗ ಬರೆಯುವ ವರದಿ, ಬಂದಾಗ ರಿಜಿಸ್ಟರುಗಳ ಪಟ್ಟಿಯಲ್ಲಿ 6ಬಿ6ಬಿ6ಬಿ6ಬಿ6ಬಿ6ಬಿ6ಬಿ6ಬಿ ಅನ್ನುವ ಸಾಲು ಕಂಡರೆ ಮುಂದೆ ಓದುವ ಮುಂಚೆಯೇ ಗೊತ್ತಾಗುತ್ತದೆ: ಫ್ರೀ ಆದ ಸ್ಟ್ರಕ್ಟಿನಿಂದ ತೆಗೆದ ಪಾಯಿಂಟರ್ ಅದು. ಕರ್ನಲ್ ಡಿಬಗ್ ಮಾಡುವವರು ಮೊದಲು ಕಲಿಯಬೇಕಾದ ಗುರುತು ಇದು.

ಇದಕ್ಕೆ ಮದ್ದು, ಸ್ಟ್ರಕ್ಟನ್ನು ಎಷ್ಟು ಜನ ಹಿಡಿದಿದ್ದಾರೆ ಅನ್ನುವ ಎಣಿಕೆ. 2004ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬರೆದ ಕೆರೆಫ್ ಅನ್ನುವ ಪುಟ್ಟ ಎಣಿಕೆ ಕರ್ನಲ್‌ನಲ್ಲೇ ಇದೆ. ಪ್ರೋಬ್‌ನಲ್ಲಿ ಕೆರೆಫ್ ಇನಿಟ್ ಕರೆದಾಗ ಎಣಿಕೆ 1; ಅದು ಡ್ರೈವರಿನ ಪಾಲು. ಪ್ರತಿ ಓಪನ್‌ನಲ್ಲಿ ಕೆರೆಫ್ ಗೆಟ್, ಪ್ರತಿ ರಿಲೀಸ್‌ನಲ್ಲಿ ಕೆರೆಫ್ ಪುಟ್, ಡಿಸ್ಕನೆಕ್ಟ್‌ನ ಕೊನೆಯಲ್ಲಿ ಡ್ರೈವರಿನ ಪಾಲಿನ ಒಂದು ಪುಟ್. ಯಾರ ಪುಟ್‌ನಿಂದ ಎಣಿಕೆ ಸೊನ್ನೆಗೆ ಇಳಿಯುತ್ತದೋ ಅಲ್ಲಿ ಕೆಫ್ರೀ. ಕರ್ನಲ್ 4.11ರಿಂದ ಇದರ ಒಳಗೆ ರೆಫ್‌ಕೌಂಟ್ ಟೈಪ್ ಇರುವುದರಿಂದ, ಸೊನ್ನೆಯಾದ ಎಣಿಕೆಯನ್ನು ಯಾರಾದರೂ ಮತ್ತೆ ಏರಿಸಲು ಹೋದರೆ ಲಾಗಿನಲ್ಲಿ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆ ಕಂಡರೆ ಕಡೆಗಣಿಸಬೇಡಿ, ಎಲ್ಲೋ ಒಂದು ಪುಟ್ ಜಾಸ್ತಿಯಾಗಿದೆ, ಇಲ್ಲವೇ ಗೆಟ್ ತಡವಾಗಿದೆ.

ಎಣಿಕೆ ಇದ್ದಮಾತ್ರಕ್ಕೆ ಓಪನ್ ಸುರಕ್ಷಿತವಾಗಲಿಲ್ಲ. ಓಪನ್ ಮೈನರ್ ನಂಬರಿನಿಂದ, ಅಂದರೆ ಡಿವೈಸ್ ಫೈಲಿನ ಗುರುತು ಸಂಖ್ಯೆಯಿಂದ, ಸ್ಟ್ರಕ್ಟನ್ನು ಹುಡುಕುತ್ತದೆ, ಆಮೇಲೆ ಗೆಟ್ ಮಾಡುತ್ತದೆ. ಹುಡುಕಿದ್ದಕ್ಕೂ ಗೆಟ್ ಮಾಡಿದ್ದಕ್ಕೂ ನಡುವಿನ ಸಂದಿಯಲ್ಲಿ ಡಿಸ್ಕನೆಕ್ಟ್ ಬಂದು ಕೊನೆಯ ಪುಟ್ ಮಾಡಿದರೆ, ಗೆಟ್ ಆಗುವುದು ಸತ್ತ ಮೆಮೊರಿಯ ಮೇಲೆ. ಹಾಗಾಗಿ ಹುಡುಕುವುದು, ಗೆಟ್ ಮಾಡುವುದು ಎರಡೂ ಒಂದೇ ಲಾಕಿನೊಳಗೆ ನಡೆಯಬೇಕು. ಡಿಸ್ಕನೆಕ್ಟ್ ಕೂಡ ಅದೇ ಲಾಕ್ ಹಿಡಿದು ಪಟ್ಟಿಯಿಂದ ತನ್ನ ಹೆಸರು ಅಳಿಸಬೇಕು. ಯುಎಸ್‌ಬಿ ರಿಜಿಸ್ಟರ್ ಡೆವ್ ಬಳಸುವವರಿಗೆ, ಅಂದರೆ ಮೇಜರ್ ನಂಬರ್ (ಡ್ರೈವರ್ ಗುಂಪಿನ ಸಂಖ್ಯೆ) 180ರ ಕೆಳಗೆ ಬರುವವರಿಗೆ, ಈ ಕೆಲಸವನ್ನು ಯುಎಸ್‌ಬಿ ಕೋರ್ ತನ್ನದೇ ಸೆಮಫೋರಿನಿಂದ ಮಾಡಿಕೊಡುತ್ತದೆ. ಸ್ವಂತ ಸಿಡೆವ್, ಅಂದರೆ ಕ್ಯಾರೆಕ್ಟರ್ ಡಿವೈಸಿನ ನೋಂದಣಿ ಸ್ಟ್ರಕ್ಟ್, ಇಟ್ಟುಕೊಂಡವರು ತಾವೇ ಮಾಡಿಕೊಳ್ಳಬೇಕು.

ಸಿಡೆವ್ ಅಂದಾಗ ಇನ್ನೊಂದು ಬಲೆಯ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ಕೆರೆಫ್ ಕಲಿತವರೂ ಇದರಲ್ಲಿ ಬೀಳುತ್ತಾರೆ. ಸಿಡೆವ್ ಡೆಲ್ ಕರೆದರೆ ಹೊಸದಾಗಿ ಯಾರೂ ಫೈಲ್ ತೆರೆಯಲಾರರು, ನಿಜ. ಆದರೆ ಈಗಾಗಲೇ ತೆರೆದಿರುವ ಫೈಲುಗಳು ಹಾಗೇ ಉಳಿಯುತ್ತವೆ, ಅವುಗಳ ಮೂಲಕ ನಿಮ್ಮ ರೀಡ್, ರೈಟ್, ಐಯೋಕಂಟ್ರೋಲ್ ಆಮೇಲೂ ಬರುತ್ತಲೇ ಇರುತ್ತವೆ. ಇದು ಒಂದು. ಇನ್ನೊಂದು, ಫೈಲ್ ಮುಚ್ಚುವಾಗ ಕರ್ನಲ್ ಮೊದಲು ನಿಮ್ಮ ರಿಲೀಸನ್ನು ಕರೆಯುತ್ತದೆ, ಆಮೇಲೆ ತಾನು ಸಿಡೆವ್ ಪುಟ್ ಮಾಡುತ್ತದೆ. ಸಿಡೆವ್ ನಿಮ್ಮ ಸ್ಟ್ರಕ್ಟಿನ ಒಳಗೇ ಕೂತಿದ್ದು, ನಿಮ್ಮ ರಿಲೀಸ್‌ನಲ್ಲೇ ಕೊನೆಯ ಕೆರೆಫ್ ಪುಟ್ ಆಗಿ ಸ್ಟ್ರಕ್ಟ್ ಫ್ರೀ ಆದರೆ, ಕರ್ನಲ್ ಮುಂದಿನ ಸಾಲಿನಲ್ಲಿ ಮುಟ್ಟುವುದು ಫ್ರೀ ಆದ ಸಿಡೆವ್ ಅನ್ನು. ಒಂದೇ ಸ್ಟ್ರಕ್ಟಿಗೆ ಎರಡು ಎಣಿಕೆ ಇಟ್ಟುಕೊಂಡರೆ ಬರುವ ಫಜೀತಿ ಇದು. ಇದಕ್ಕೆ ಕೆರೆಫ್ ಕೈಬಿಟ್ಟು ಸ್ಟ್ರಕ್ಟಿನೊಳಗೆ ಒಂದು ಸ್ಟ್ರಕ್ಟ್ ಡಿವೈಸ್ ಇಡಿ, ಕೆಫ್ರೀಯನ್ನು ಅದರ ರಿಲೀಸ್ ಫಂಕ್ಷನ್ನಿಗೆ ಹಾಕಿ, ಸಿಡೆವ್ ಡಿವೈಸ್ ಆ್ಯಡ್‌ನಿಂದ ನೋಂದಾಯಿಸಿ, ಸಿಡೆವ್ ಡಿವೈಸ್ ಡೆಲ್‌ನಿಂದ ತೆಗೆಯಿರಿ. ಈ ಜೋಡಿ ಕರ್ನಲ್ 4.12ರಿಂದ ಇದೆ. ಆಗ ಸಿಡೆವ್ ತನ್ನ ತಂದೆಯಾದ ಡಿವೈಸಿನ ಎಣಿಕೆಯನ್ನು ತಾನೇ ಹಿಡಿದುಕೊಂಡಿರುತ್ತದೆ, ಕೊನೆಯ ಫೈಲ್ ಪೂರ್ತಿ ಮುಚ್ಚುವ ತನಕ ಮೆಮೊರಿ ನಿಲ್ಲುತ್ತದೆ. ಹೊಸದಾಗಿ ಬರೆಯುವವರು ಇದನ್ನೇ ಹಿಡಿಯಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಡ್ರೈವರ್ ಕಳಚಿದಾಗ ಎಲ್ಲವನ್ನೂ ತಾನೇ ಬಿಡುಗಡೆ ಮಾಡುವ ಡೆವ್‌ಎಂ ಕುಟುಂಬದ ಮೇಲೆ ಇಟ್ಟ ಅತಿ ನಂಬಿಕೆಯೂ ಇಲ್ಲೇ ಕೈ ಕೊಡುತ್ತದೆ. ಡೆವ್‌ಎಂ ಕೆಝಡ್‌ಅಲಾಕ್‌ನಿಂದ ಪಡೆದ ಮೆಮೊರಿ, ರಿಮೂವ್ (ಬೇರೆ ಬಸ್ಸುಗಳಲ್ಲಿ ಡಿಸ್ಕನೆಕ್ಟಿಗೆ ಸಮನಾದ ಫಂಕ್ಷನ್) ಮುಗಿದು ಡ್ರೈವರ್ ಬಿಡುಗಡೆಯಾದ ತಕ್ಷಣ ಹೋಗುತ್ತದೆ. ಫೈಲ್ ತೆರೆದಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಯೂಸರ್ ಸ್ಪೇಸಿಗೆ ಫೈಲ್ ತೋರಿಸದ, ಬರೀ ಗಡಿಯಾರ, ರೆಗ್ಯುಲೇಟರ್, ಪಿನ್ನುಗಳನ್ನು ನೋಡಿಕೊಳ್ಳುವ ಡ್ರೈವರಿಗೆ ಅದು ಚೆನ್ನಾಗಿದೆ. ಫೈಲ್ ತೆರೆಯಬಹುದಾದ ಡ್ರೈವರಿನ ಮುಖ್ಯ ಸ್ಟ್ರಕ್ಟಿಗೆ ಬೇಡ.

ಫೈಲ್ ಆಪರೇಶನ್ಸ್‌ನಲ್ಲಿ ಓನರ್ ಹಾಕಿದ್ದೇನೆ, ಸಾಲದೇ ಎಂದು ಕೇಳುವವರಿದ್ದಾರೆ. ಓನರ್ ತಡೆಯುವುದು ಮಾಡ್ಯೂಲ್ ಇಳಿಸುವುದನ್ನು ಮಾತ್ರ. ಕೇಬಲ್ ಕೀಳುವುದನ್ನು ತಡೆಯುವ ಶಕ್ತಿ ಯಾವ ಎಣಿಕೆಗೂ ಇಲ್ಲ. ರಿಮೂವ್‌ನಿಂದ ಎರರ್ ಹಿಂತಿರುಗಿಸಿ 'ಈಗ ಆಗುವುದಿಲ್ಲ' ಅನ್ನುವಂತೆಯೂ ಇಲ್ಲ: ಯುಎಸ್‌ಬಿ ಡಿಸ್ಕನೆಕ್ಟ್, ಪಿಸಿಐ ರಿಮೂವ್ ಯಾವ ಬೆಲೆಯನ್ನೂ ಹಿಂತಿರುಗಿಸುವುದಿಲ್ಲ, ಐ2ಸಿ ಕರ್ನಲ್ 6.1ರಲ್ಲಿ, ಪ್ಲಾಟ್‌ಫಾರ್ಮ್ 6.11ರಲ್ಲಿ ಅದೇ ದಾರಿಗೆ ಬಂದವು.

ಡಿಸ್ಕನೆಕ್ಟ್‌ನೊಳಗಿನ ಸರದಿ

ಮೊದಲು ಬಾಗಿಲು ಮುಚ್ಚಬೇಕು: ಡಿವೈಸ್ ನೋಂದಣಿ ತೆಗೆಯಿರಿ, ಹೊಸ ಓಪನ್‌ಗಳು ನಿಲ್ಲುತ್ತವೆ. ಆಮೇಲೆ ಐಓ ಮ್ಯೂಟೆಕ್ಸ್ ಹಿಡಿದು ಡಿಸ್ಕನೆಕ್ಟೆಡ್ ಅನ್ನುವ ಗುರುತನ್ನು ನಿಜ ಮಾಡಿ, ಮ್ಯೂಟೆಕ್ಸ್ ಬಿಡಿ. ರೀಡ್, ರೈಟ್ ಎರಡೂ ಡಿವೈಸ್ ಮುಟ್ಟುವ ಮುಂಚೆ ಅದೇ ಮ್ಯೂಟೆಕ್ಸಿನೊಳಗೆ ಆ ಗುರುತು ನೋಡಿ, ನಿಜವಾಗಿದ್ದರೆ ಮೈನಸ್ ಇನೋಡೆವ್, ಅಂದರೆ ಮೈನಸ್ 19 ಹಿಂತಿರುಗಿಸಬೇಕು. ಲಾಕಿಲ್ಲದೆ ಗುರುತು ನೋಡಿದರೆ ಪ್ರಯೋಜನವಿಲ್ಲ. ನೋಡಿದ ಮರುಕ್ಷಣವೇ ಅದು ಬದಲಾಗಬಹುದು. ನಂತರ ಬಾಕಿ ಇರುವ ಯುಆರ್‌ಬಿಗಳನ್ನು, ಅಂದರೆ ಯುಎಸ್‌ಬಿ ಕೋರ್‌ಗೆ ಸಲ್ಲಿಸಿದ ಕೋರಿಕೆಗಳನ್ನು, ಕೊಲ್ಲಿ, ಕಾಯುತ್ತಾ ಮಲಗಿರುವ ರೀಡ್‌ಗಳನ್ನೆಲ್ಲ ಎಬ್ಬಿಸಿ, ಕೊನೆಗೆ ನಿಮ್ಮ ಪಾಲಿನ ಪುಟ್.

ಎಬ್ಬಿಸುವ ಕೆಲಸ ಮರೆತರೆ ಆ ರೀಡ್ ಎಂದೂ ಏಳುವುದಿಲ್ಲ. ಎಬ್ಬಿಸಿದರೂ ವೇಟ್ ಈವೆಂಟಿನ ಷರತ್ತಿನಲ್ಲಿ 'ಡೇಟಾ ಬಂದಿದೆ' ಅನ್ನುವುದರ ಜೊತೆಗೆ 'ಅಥವಾ ಡಿಸ್ಕನೆಕ್ಟ್ ಆಗಿದೆ' ಅನ್ನುವುದು ಇಲ್ಲದಿದ್ದರೆ ಎದ್ದು ನೋಡಿ ಮತ್ತೆ ಮಲಗುತ್ತದೆ. ಪೋಲ್ ಫಂಕ್ಷನ್ ಕೂಡ ಇಪೋಲ್ ಹಪ್ ಮತ್ತು ಇಪೋಲ್ ಎರ್ ಕೊಡಬೇಕು, ಇಲ್ಲದಿದ್ದರೆ ಪೋಲ್‌ನಲ್ಲೇ ಕೂತ ಪ್ರೋಗ್ರಾಂಗೆ ಸುದ್ದಿಯೇ ತಲುಪುವುದಿಲ್ಲ. ಡಿವೈಸಿನ ಮೆಮೊರಿಯನ್ನು ಪ್ರೋಗ್ರಾಂಗೆ ನೇರವಾಗಿ ತೋರಿಸುವ ಎಂಮ್ಯಾಪ್ ಕೊಟ್ಟಿದ್ದರೆ ಅನ್‌ಮ್ಯಾಪ್ ಮ್ಯಾಪಿಂಗ್ ರೇಂಜ್ ಕರೆದು ಆ ಪುಟಗಳನ್ನು ಕಿತ್ತುಕೊಳ್ಳಬೇಕು.

ಇನ್ನು ಲಾಕ್ ಹಿಡಿದು ಮಲಗುವ ಅಭ್ಯಾಸ. ರೀಡ್ ಐಓ ಮ್ಯೂಟೆಕ್ಸ್ ಹಿಡಿದೇ ಡೇಟಾಗೆ ಕಾಯುತ್ತದೆ, ಡಿಸ್ಕನೆಕ್ಟ್ ಅದೇ ಮ್ಯೂಟೆಕ್ಸಿಗೆ ಕಾಯುತ್ತದೆ, ಡೇಟಾ ಇನ್ನು ಬರುವುದಿಲ್ಲ. ಡಿಸ್ಕನೆಕ್ಟ್ ಓಡುತ್ತಿರುವುದು ಹಬ್‌ನ ವರ್ಕ್‌ಕ್ಯೂನಲ್ಲಿ ಅನ್ನುವುದನ್ನು ನೆನಪಿಡಿ: ಅದು ಸಿಕ್ಕಿಹಾಕಿಕೊಂಡರೆ ಆ ಹಬ್‌ಗೆ ಹಾಕಿದ ಬೇರೆ ಡಿವೈಸುಗಳೂ ಕಾಣಿಸುವುದಿಲ್ಲ. ನಿಮ್ಮ ತೂಕದ ಯಂತ್ರದ ಡ್ರೈವರಿನ ತಪ್ಪಿಗೆ ಪಕ್ಕದ ಫ್ಯಾಟ್ ಯಂತ್ರವೂ ಕೆಟ್ಟಿದೆ ಅನ್ನಿಸಿಕೊಳ್ಳುತ್ತದೆ. ಹಂಗ್ ಟಾಸ್ಕ್ ಪತ್ತೆ ಚಾಲೂ ಇದ್ದರೆ, ಸಾಮಾನ್ಯವಾಗಿ 120 ಸೆಕೆಂಡ್ ಆದ ಮೇಲೆ ಕೆವರ್ಕರ್ (ವರ್ಕ್‌ಕ್ಯೂ ಓಡಿಸುವ ಥ್ರೆಡ್) ಸಿಕ್ಕಿಕೊಂಡಿದೆ ಅನ್ನುವ ಸಾಲು ಲಾಗಿಗೆ ಬರುತ್ತದೆ. ಅದರ ಕೆಳಗಿನ ಸ್ಟ್ಯಾಕಿನಲ್ಲಿ ನಿಮ್ಮ ಡಿಸ್ಕನೆಕ್ಟ್ ಕಾಣುತ್ತದೆ. ಕಾಯುವ ಮುಂಚೆ ಲಾಕ್ ಬಿಡಿ, ಎದ್ದ ಮೇಲೆ ಮತ್ತೆ ಹಿಡಿದು ಗುರುತು ಇನ್ನೊಮ್ಮೆ ನೋಡಿ.

ಯುಆರ್‌ಬಿ ವಿಷಯದಲ್ಲಿ ಪದಗಳನ್ನು ಬೆರೆಸಬೇಡಿ. ಅನ್‌ಲಿಂಕ್ ಬರೀ ಕೇಳಿಕೊಂಡು ಬರುತ್ತದೆ, ಕಾಯುವುದಿಲ್ಲ. ಕಿಲ್ ಆದರೆ, ಯುಆರ್‌ಬಿ ಮುಗಿದಾಗ ಓಡುವ ಕಂಪ್ಲೀಶನ್ ಹ್ಯಾಂಡ್ಲರ್ ಮುಗಿಯುವ ತನಕ ಕಾಯುತ್ತದೆ, ಆ ನಡುವೆ ಹ್ಯಾಂಡ್ಲರ್ ಅದೇ ಯುಆರ್‌ಬಿಯನ್ನು ಮತ್ತೆ ಸಲ್ಲಿಸಲು ನೋಡಿದರೆ ಬಿಡುವುದಿಲ್ಲ. ಕಾಯುವುದರಿಂದಲೇ ಅದನ್ನು ಇಂಟರಪ್ಟಿನೊಳಗಾಗಲಿ ಸ್ಪಿನ್‌ಲಾಕ್ ಹಿಡಿದಾಗಲಿ ಕರೆಯುವಂತಿಲ್ಲ. ಯುಆರ್‌ಬಿಯ ಪಾಯ್ಸನ್ (ಮೆಮೊರಿಯ ಪಾಯ್ಸನ್ ಅಲ್ಲ) ಕೂಡ ಕಿಲ್‌ನಂತೆಯೇ, ಆದರೆ ಪಾಯ್ಸನ್ ಮಾಡಿದ ಯುಆರ್‌ಬಿಯನ್ನು ಆಮೇಲೂ ಸಲ್ಲಿಸಲಾಗದು. ಡಿಸ್ಕನೆಕ್ಟ್‌ಗೆ ನನ್ನ ಒಲವು ಇದರ ಕಡೆಗೇ. ಸಾಫ್ಟ್ ಅನ್‌ಬೈಂಡ್ (ಅನ್‌ಬೈಂಡ್ ಅಂದರೆ ಡಿವೈಸಿನಿಂದ ಡ್ರೈವರನ್ನು ಕಳಚುವುದು) ಗುರುತು ಹಾಕದಿದ್ದರೆ ನಿಮ್ಮ ಡಿಸ್ಕನೆಕ್ಟ್ ಕರೆಯುವ ಮುಂಚೆಯೇ ಯುಎಸ್‌ಬಿ ಕೋರ್ ಆ ಇಂಟರ್‌ಫೇಸಿನ ಬಾಕಿಯನ್ನೆಲ್ಲ ಮುಗಿಸಿರುತ್ತದೆ, ಆದರೂ ನೀವು ಬರೆಯುವುದು ಬರೆಯಿರಿ. ಸಸ್ಪೆಂಡ್‌ಗೂ ಅದೇ ಸಾಲುಗಳು ಬೇಕಾಗುತ್ತವೆ.

ಕೇಬಲ್ ಕಿತ್ತದ್ದು ಹಬ್‌ಗೆ ಗೊತ್ತಾಗುವ ಮುಂಚಿನ ಆ ಸ್ವಲ್ಪ ಹೊತ್ತಿದೆಯಲ್ಲ, ಅಲ್ಲಿ ಇನ್ನೊಂದು ಅವಾಂತರ. ಆಗ ಯುಆರ್‌ಬಿಗಳು ಮೈನಸ್ ಇಪ್ರೋಟೊ, ಅಂದರೆ ಮೈನಸ್ 71, ಇಲ್ಲವೇ ಮೈನಸ್ 84, ಮೈನಸ್ 62 ಅನ್ನುವ ಎರರಿನೊಂದಿಗೆ ಹಿಂತಿರುಗುತ್ತವೆ. ಎರರ್ ಬಂದರೂ ಕಣ್ಣು ಮುಚ್ಚಿ ಮತ್ತೆ ಸಲ್ಲಿಸುವ ಹ್ಯಾಂಡ್ಲರ್ ಅದೇ ಎರರನ್ನು ಮತ್ತೆ ಪಡೆದು ಮತ್ತೆ ಸಲ್ಲಿಸುತ್ತದೆ. ಪ್ರತಿ ಸಲ ಒಂದು ಪ್ರಿಂಟ್ ಇದ್ದರೆ ಲಾಗ್ ತುಂಬಿ ಹರಿಯುತ್ತದೆ. ಹೀಗೆ ವಿಂಗಡಿಸಿ: ಮೈನಸ್ 2, ಮೈನಸ್ 104, ಮೈನಸ್ 108 ಬಂದರೆ ಮತ್ತೆ ಸಲ್ಲಿಸಬೇಡಿ, ನಾವೇ ಕೊಂದದ್ದು ಅಥವಾ ಡಿವೈಸ್ ಹೋದದ್ದು. ಮೈನಸ್ 71ರ ಗುಂಪಿಗೆ ಒಂದು ಎಣಿಕೆ ಇಟ್ಟು, ಕೆಲವು ಮಿಲಿಸೆಕೆಂಡ್ ತಡೆದು ಪ್ರಯತ್ನಿಸಿ; ಹತ್ತು ಸಲ ಸತತ ಬಂದರೆ ನಿಲ್ಲಿಸಿ, ಡಿಸ್ಕನೆಕ್ಟ್ ಬರುತ್ತದೆ.

ಟೈಮರ್ ಮತ್ತು ವರ್ಕ್ ಒಂದನ್ನೊಂದು ಎಬ್ಬಿಸುವಂತೆ ಬರೆದ ಡ್ರೈವರುಗಳಲ್ಲಿ ಯಾವುದನ್ನು ಮೊದಲು ನಿಲ್ಲಿಸಿದರೂ ಇನ್ನೊಂದು ಅದನ್ನು ಮತ್ತೆ ಹೂಡುತ್ತದೆ. ಕರ್ನಲ್ 6.2ರಲ್ಲಿ ಬಂದ ಟೈಮರ್ ಶಟ್‌ಡೌನ್ ಸಿಂಕ್ ಇದಕ್ಕೇ ಇರುವುದು: ಒಮ್ಮೆ ಕರೆದರೆ ಆ ಟೈಮರನ್ನು ಯಾರೂ ಮತ್ತೆ ಹೂಡಲಾಗದು. ಆಮೇಲೆ ಕ್ಯಾನ್ಸಲ್ ವರ್ಕ್ ಸಿಂಕ್ ಕರೆಯಿರಿ.

ಪಿಸಿಐ ಎಕ್ಸ್‌ಪ್ರೆಸ್‌ನ ರೀತಿ ಬೇರೆ

ಯುಎಸ್‌ಬಿಯಲ್ಲಿ ಎರರ್ ನಂಬರಾದರೂ ಬರುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನೋ ಥಂಡರ್‌ಬೋಲ್ಟ್ ಪೆಟ್ಟಿಗೆಯನ್ನೋ ಕಿತ್ತಾಗ ಸಾಮಾನ್ಯ ಪಿಸಿಗಳಲ್ಲಿ ಕಾರ್ಡಿನ ರಿಜಿಸ್ಟರ್ ಓದುವ ರೀಡ್‌ಎಲ್ ತಪ್ಪಿಲ್ಲದೆ ಒಂದು ಬೆಲೆ ಕೊಡುತ್ತದೆ, ಎಲ್ಲ 32 ಬಿಟ್ಟುಗಳೂ 1 ಇರುವ ಬೆಲೆ. ಸ್ಟೇಟಸ್ ರಿಜಿಸ್ಟರಿನ ಬ್ಯುಸಿ ಬಿಟ್ ಇಳಿಯುವ ತನಕ ಸುತ್ತುವ ವೈಲ್ ಲೂಪ್ ಇದ್ದರೆ ಆ ಬಿಟ್ ಇನ್ನೆಂದೂ ಇಳಿಯುವುದಿಲ್ಲ, ಒಂದು ಸಿಪಿಯು ಅಲ್ಲೇ ಸುತ್ತುತ್ತದೆ. ಡನ್ ಬಿಟ್ ಏರುವ ತನಕ ಕಾಯುವ ಲೂಪ್ ಇನ್ನೂ ಕೆಟ್ಟದ್ದು: ಅದು ತಕ್ಷಣ 'ಕೆಲಸ ಆಯಿತು' ಅನ್ನುತ್ತದೆ, ಕೈಗೆ ಸಿಗುವುದು ಕಸ. ಇಂಟರಪ್ಟ್ ಹ್ಯಾಂಡ್ಲರಿಗೆ ಎಲ್ಲ ಕಾರಣಗಳೂ ಒಟ್ಟಿಗೆ ಬಂದಂತೆ ಕಾಣುತ್ತದೆ. ಕಾಯುವ ಲೂಪುಗಳನ್ನು ರೀಡ್‌ಎಲ್ ಪೋಲ್ ಟೈಮ್‌ಔಟ್‌ನಿಂದ ಬರೆಯಿರಿ, ಎಂದೂ ಎಲ್ಲ 1 ಆಗಲಾರದ ರಿಜಿಸ್ಟರನ್ನು ಆರಿಸಿಕೊಂಡು ಆ ಬೆಲೆ ಬಂದಾಗ ಮಾತ್ರ ಪಿಸಿಐ ಡಿವೈಸ್ ಈಸ್ ಪ್ರೆಸೆಂಟ್ ಕೇಳಿ. ಪ್ರತಿ ರೀಡಿಗೂ ಮುಂಚೆ ಕೇಳುವುದು ವ್ಯರ್ಥ, ಕೇಳಿದ ಮೇಲೂ ಕಾರ್ಡು ಕೀಳಬಹುದು.

ಅದೇ ರಿಮೂವ್ ಫಂಕ್ಷನ್ ಕಾರ್ಡು ಸ್ಲಾಟಿನಲ್ಲೇ ಇರುವಾಗ, ಅನ್‌ಬೈಂಡ್ ಮಾಡಿದಾಗಲೂ ಬರುತ್ತದೆ ಅನ್ನುವುದನ್ನು ಮರೆಯಬೇಡಿ. ಆಗ ಕಾರ್ಡು ಜೀವಂತ, ಡಿಎಂಎ (ಕಾರ್ಡು ತಾನೇ ನೇರವಾಗಿ ಮೆಮೊರಿ ಮುಟ್ಟುವುದು) ನಡೆಯುತ್ತಲೇ ಇರಬಹುದು. ಬಫರ್ ಫ್ರೀ ಮಾಡುವ ಮುಂಚೆ ಡಿಎಂಎ ನಿಲ್ಲಿಸಿ ಬಸ್ ಮಾಸ್ಟರ್ ಬಿಟ್ ತೆಗೆಯದಿದ್ದರೆ ಕಾರ್ಡು ಬೇರೆಯವರ ಮೆಮೊರಿಗೆ ಬರೆಯುತ್ತದೆ. ಅಂದರೆ ರಿಮೂವ್ ಎರಡು ಸ್ಥಿತಿಗೂ ಸರಿಹೋಗಬೇಕು: ಇರುವ ಡಿವೈಸನ್ನು ಸುಮ್ಮನಾಗಿಸಬೇಕು, ಇಲ್ಲದ ಡಿವೈಸಿಗೆ ಕಾಯುತ್ತಾ ಕೂರಬಾರದು.

ಡೆವ್‌ಎಂ ರಿಕ್ವೆಸ್ಟ್ ಐಆರ್‌ಕ್ಯೂ ಬಳಸಿದವರ ಇಂಟರಪ್ಟ್ ಬಿಡುಗಡೆಯಾಗುವುದು ರಿಮೂವ್ ಹಿಂತಿರುಗಿದ ನಂತರ. ಹಂಚಿಕೊಂಡ ಇಂಟರಪ್ಟ್ ಆದರೆ ನಡುವೆ ಪಕ್ಕದ ಡಿವೈಸಿನಿಂದಾಗಿ ನಿಮ್ಮ ಹ್ಯಾಂಡ್ಲರ್ ಓಡುತ್ತದೆ, ರಿಮೂವ್‌ನಲ್ಲಿ ನೀವು ಆಗಲೇ ಕೈಯಾರೆ ಅಳಿಸಿದ್ದನ್ನು ಮುಟ್ಟುತ್ತದೆ. ಡಿಬಗ್ ಎಸ್‌ಎಚ್‌ಐಆರ್‌ಕ್ಯೂ ಆಯ್ಕೆ ಹಾಕಿದ ಕರ್ನಲ್ ಹಂಚಿದ ಇಂಟರಪ್ಟ್ ಬಿಡುವಾಗ ಬೇಕೆಂದೇ ಒಂದು ಸಲ ಹ್ಯಾಂಡ್ಲರನ್ನು ಕರೆದು ಇದನ್ನು ಬಯಲಿಗೆಳೆಯುತ್ತದೆ.

ಡಿವೈಸಿನ ವಿವರಗಳನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್ ಬಗ್ಗೆ ಒಂದೇ ಮಾತು. ಅಂಥ ಫೈಲ್ ತೆಗೆಯುವಾಗ ಕರ್ನಲ್, ಆಗಲೇ ಓಡುತ್ತಿರುವ ಶೋ, ಸ್ಟೋರ್ (ಅದನ್ನು ಓದುವ, ಬರೆಯುವ ಫಂಕ್ಷನ್ನುಗಳು) ಮುಗಿಯುವ ತನಕ ಕಾಯುತ್ತದೆ. ಶೋ ಹಿಡಿಯುವ ಲಾಕನ್ನೇ ಹಿಡಿದುಕೊಂಡು ಫೈಲ್ ತೆಗೆಯಲು ಹೋದರೆ ಅಲ್ಲೇ ಗಂಟು ಬೀಳುತ್ತದೆ.

ಕಿತ್ತು ನೋಡುವ ವಿಧಾನ

ಕೈಯಿಂದ ಕೀಳುವುದರಿಂದ ಆರಂಭಿಸಬೇಡಿ, ಅದು ನಿಧಾನ. ಮೆಮೊರಿಯ ತಪ್ಪು ಹಿಡಿಯುವ ಕಾಸಾನ್, ಲಾಕಿನ ತಪ್ಪು ಹಿಡಿಯುವ ಪ್ರೂವ್ ಲಾಕಿಂಗ್, ಟೈಮರಿನ ತಪ್ಪು ಹಿಡಿಯುವ ಡಿಬಗ್ ಆಬ್ಜೆಕ್ಟ್ಸ್ ಟೈಮರ್ಸ್ ಹಾಕಿದ ಕರ್ನಲ್ ಕಟ್ಟಿಕೊಳ್ಳಿ. ಅದರ ಜೊತೆ ಡಿಬಗ್ ಕೆಆಬ್ಜೆಕ್ಟ್ ರಿಲೀಸ್ ಕೂಡ ಹಾಕಿ: ಅದು ರಿಲೀಸನ್ನು ಬೇಕೆಂದೇ ಕೆಲವು ಸೆಕೆಂಡ್ ತಡ ಮಾಡುತ್ತದೆ, ಪುಟ್ ಮಾಡಿದ ತಕ್ಷಣ ಮೆಮೊರಿ ಹೋಯಿತು ಎಂದು ನಂಬಿ ಬರೆದ ಕೋಡೆಲ್ಲ ಹೊರಬರುತ್ತದೆ. ಸಾಮಾನ್ಯ ಕಾಸಾನ್ ಮೆಮೊರಿಯ ಎಂಟನೇ ಒಂದು ಪಾಲನ್ನು ನೆರಳಿಗೆ ತೆಗೆದಿಟ್ಟುಕೊಳ್ಳುತ್ತದೆ, 1 ಜಿಬಿಯ ಬೋರ್ಡಿನಲ್ಲಿ ಪರೀಕ್ಷಿಸುವವರು ಅಷ್ಟನ್ನು ಲೆಕ್ಕ ಹಾಕಿಕೊಳ್ಳಿ.

ಆಮೇಲೆ ಡಿವೈಸ್ ಫೈಲಿನ ಮೇಲೆ ಒಂದು ಕ್ಯಾಟ್ ಓಡಿಸಿಟ್ಟು, ಇನ್ನೊಂದು ಕಿಟಕಿಯಿಂದ ಸಿಸ್‌ಎಫ್‌ಎಸ್‌ನಲ್ಲಿ ನಿಮ್ಮ ಡ್ರೈವರಿನ ಕೆಳಗಿರುವ ಅನ್‌ಬೈಂಡ್ ಫೈಲಿಗೆ ಇಂಟರ್‌ಫೇಸಿನ ಹೆಸರು, ಅಂದರೆ 1-1.2:1.0 ಥರದ್ದನ್ನು ಬರೆಯಿರಿ. ಕ್ಯಾಟ್ ಕೂಡಲೇ ಎರರ್ ಕೊಟ್ಟು ಸಾಯಬೇಕು. ಬೈಂಡ್‌ಗೆ ಬರೆದು ಮತ್ತೆ ತನ್ನಿ. ಇದನ್ನು ಶೆಲ್ ಲೂಪಿನಲ್ಲಿ 1000 ಸಲ ಓಡಿಸಿ, ಜೊತೆಗೆ ಇನ್ನೆರಡು ಲೂಪುಗಳು ಬಿಡುವಿಲ್ಲದೆ ಓಪನ್, ಕ್ಲೋಸ್ ಮಾಡುತ್ತಿರಲಿ. ಕ್ಯಾಟ್ ಬದಲು ಫೈಲ್ ತೆರೆದು 30 ಸೆಕೆಂಡ್ ಮಲಗಿ ಆಮೇಲೆ ಮುಚ್ಚುವ ಪ್ರೋಗ್ರಾಂ ಒಂದನ್ನೂ ಬರೆದುಕೊಳ್ಳಿ; ಕೊನೆಯ ಪುಟ್‌ನ ತಪ್ಪು ಹಿಡಿಯುವುದು ಅದೇ. ಡಿವೈಸಿನ ಆಥರೈಸ್ಡ್ ಫೈಲಿಗೆ 0 ಬರೆಯುವುದು ಇನ್ನೊಂದು ದಾರಿ. ಪಿಸಿಐಗೆ ರಿಮೂವ್ ಫೈಲಿಗೆ 1, ಹಿಂದಕ್ಕೆ ತರಲು ರೀಸ್ಕ್ಯಾನ್‌ಗೆ 1. ಇವೆಲ್ಲ ದಾಟಿದ ಮೇಲೆ ಕೈಯಿಂದ ಕೀಳಿ, ಏಕೆಂದರೆ ಮೈನಸ್ 71 ಬರುವುದು ನಿಜವಾಗಿ ಕಿತ್ತಾಗ ಮಾತ್ರ. ಪೋರ್ಟಿನ ವಿದ್ಯುತ್ ಕಡಿಯುವ ಹಬ್ ಇದ್ದರೆ ಯುಹಬ್‌ಸಿಟಿಎಲ್‌ನಿಂದ ಇದನ್ನೂ ಲೂಪಿಗೆ ಹಾಕಬಹುದು.

ಡ್ರೈವರ್ ಸರಿಯಾದ ಮೇಲೂ ಡೇರಿಯ ಮೇಜಿನ ಮೇಲೆ ಒಂದು ಕೆಲಸ ಉಳಿಯುತ್ತದೆ, ಅದು ಪ್ರೋಗ್ರಾಂ ಬರೆದವರದ್ದು. ಯುಎಸ್‌ಬಿ ಸೀರಿಯಲ್ ಕೇಬಲ್ ಕಿತ್ತಾಗ ಕರ್ನಲ್ ಆ ಟಿಟಿವೈಯನ್ನು (ಸೀರಿಯಲ್ ಪೋರ್ಟಿನ ಫೈಲನ್ನು) ಹ್ಯಾಂಗಪ್ ಮಾಡುತ್ತದೆ. ಆಮೇಲೆ ರೀಡ್ ಎರರ್ ಕೊಡುವುದಿಲ್ಲ, 0 ಕೊಡುತ್ತದೆ. ರೈಟ್ ಮಾತ್ರ ಎರರ್ 5, ಅಂದರೆ ಇಐಓ, ಕೊಡುತ್ತದೆ. 0 ಅಂದರೆ 'ಇನ್ನೂ ತೂಕ ಬಂದಿಲ್ಲ' ಅಂದುಕೊಂಡ ಪ್ರೋಗ್ರಾಂ ಒಂದು ಸಿಪಿಯುವನ್ನು ಪೂರ್ತಿ ತಿನ್ನುತ್ತಾ ಸುತ್ತುತ್ತದೆ, ಫೈಲನ್ನೂ ಬಿಡುವುದಿಲ್ಲ. ಫೈಲ್ ಬಿಡದಿರುವುದರಿಂದ ಹಳೆಯ ನಂಬರು ಖಾಲಿಯಾಗುವುದಿಲ್ಲ. ಕೇಬಲ್ ವಾಪಸ್ ಹಾಕಿದಾಗ ಟಿಟಿವೈ ಯುಎಸ್‌ಬಿ 0 ಇದ್ದದ್ದು ಟಿಟಿವೈ ಯುಎಸ್‌ಬಿ 1 ಆಗಿ ಬರುತ್ತದೆ, ಪರದೆಯ ಮೇಲೆ ತೂಕ ನಿಂತೇ ಇರುತ್ತದೆ. 0 ಬಂದ ಕೂಡಲೇ ಫೈಲ್ ಮುಚ್ಚಿ, ಅರ್ಧ ಸೆಕೆಂಡಿಗೊಮ್ಮೆ ಮತ್ತೆ ತೆರೆಯಲು ನೋಡಿ. ತೆರೆಯುವುದು ನಂಬರಿನ ಹೆಸರಿನಿಂದ ಬೇಡ, ಡೆವ್ ಕೆಳಗಿನ ಸೀರಿಯಲ್ ಬೈ-ಐಡಿ ಹೆಸರಿನಿಂದ ತೆರೆಯಿರಿ. ಸೀರಿಯಲ್ ನಂಬರೇ ಇಲ್ಲದ ಅಗ್ಗದ ಎರಡು ಕೇಬಲ್ ಒಂದೇ ಥರದವಾಗಿದ್ದರೆ ಬೈ-ಐಡಿ ಅವೆರಡನ್ನು ಬೇರೆ ಮಾಡಲಾರದು, ಅಲ್ಲಿ ಬೈ-ಪಾತ್ ಬಳಸಿ, ಯಾವ ಕೇಬಲ್ ಯಾವ ಪೋರ್ಟಿಗೆ ಎಂದು ಹಬ್‌ನ ಮೇಲೆ ಚೀಟಿ ಅಂಟಿಸಿ.